ಬಾದಾಮಿ ಹಲ್ವ ತಿಂದವರ ಮುನ್ನುಡಿ

ಕಳೆದ ವಾರ ಶೈಲಜಾ ಎಂಬ ಹೆಣ್ಣುಮಗಳು ಮದ್ರಾಸಿನ ಮಾಧವರಂ ಬಡಾವಣೆಯ ನಮ್ಮ ಮನೆಗೆ ಬಂದಿದ್ದಳು. ಮೂವತ್ತರ ಆಸುಪಾಸು, ಬ್ಯಾಂಕಿನಲ್ಲಿ ಕೆಲಸ. ಮೊದಲ ಕಾದಂಬರಿ ಬರೆದು ಮುಗಿಸಿದ್ದಾಳೆ. ಅದನ್ನು ಬಟ್ಟೆಚೀಲದಿಂದ ತೆಗೆದು ನನ್ನ ತೊಡೆಯ ಮೇಲಿಟ್ಟು, "ಪಬ್ಲಿಷರ್ ಹತ್ರ ಹೋಗೋ ಮುಂಚೆ ನಿಮ್ಮದೊಂದು ಮುನ್ನುಡಿ ಬೇಕು ಸಾರ್" ಎಂದಳು. ಕಾಗದದಿಂದ ಗಪ್ಪೆಂದು ಇಂಗಿನ ವಾಸನೆ ಬಂತು. ಮಕ್ಕಳ ಕೈಗೆ ಸಿಗದಿರಲಿ ಎಂದು ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದಳಂತೆ. ಆ ವಾಸನೆಯೂ ಮುನ್ನುಡಿ ಎಂಬ ಮಾತೂ ಒಟ್ಟಿಗೆ ಬಂದದ್ದೇ ತಡ, ನಾನು ಅವಳ ಮೇಲೆ ರೇಗಿಬಿಟ್ಟೆ. "ನಿನ್ನ ಪುಸ್ತಕದ ಬಾಗಿಲಲ್ಲಿ ನಾನ್ಯಾಕಮ್ಮ ನಿಂತುಕೊಳ್ಳಬೇಕು?" ಎಂದು ಕೂಗಿದೆ. ಮಗಳು ಒಳಗಿಂದ ಓಡಿಬಂದಳು. ಮೊಮ್ಮಗ, "ತಾತಾವುಕ್ಕು ಎನ್ನ ಆಚ್ಚು?" ತಾತನಿಗೆ ಏನಾಯಿತು ಎಂದು ತಮಿಳಿನಲ್ಲಿ ತಾಯಿಯನ್ನು ಕೇಳಿದ. ಶೈಲಜಾ ತನ್ನ ಕಾಗದಗಳನ್ನು ಎತ್ತಿಕೊಂಡು ಹೋದಳು.

ಅವಳ ತಪ್ಪು ಏನೂ ಇಲ್ಲ. ನನ್ನ ಸಿಟ್ಟು ಅರವತ್ತು ವರ್ಷ ಹಳೆಯದು, ಅವತ್ತು ಹೇಳಬೇಕಾದವರಿಗೆ ಹೇಳಲಾಗದೆ ಗಂಟಲಲ್ಲೇ ಉಳಿದದ್ದು. ಎಂಬತ್ತು ದಾಟಿದ ಮೇಲೂ ಆರಿಲ್ಲ. ಮುನ್ನುಡಿಯ ಬದಲಿಗೆ ಇದನ್ನು ಬರೆಯುತ್ತಿದ್ದೇನೆ. ಬೇಕಾದರೆ ಅವಳು ಓದಿಕೊಳ್ಳಲಿ.

ಆಗ ನನಗೆ ಇಪ್ಪತ್ತನಾಲ್ಕು. ಮದ್ರಾಸಿನಲ್ಲಿ ಟ್ರಾಮು ನಿಂತು ಕೆಲವು ವರ್ಷವಾಗಿತ್ತು, ನಯಾಪೈಸೆ ಬಂದಿದ್ದರೂ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದರು. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ಜಿಲ್ಲೆ ಹೋಯಿತು, ಜಿಲ್ಲೆಯಿಂದ ಬಂದ ನಾವು ಇಲ್ಲೇ ಇಡ್ಲಿ ಬಡಿಸುತ್ತ ಉಳಿದೆವು. ನಮ್ಮ ಹೋಟೆಲು ಪ್ಯಾರೀಸ್ ಕಾರ್ನರಿನ ಒಂದು ಅಡ್ಡಬೀದಿಯಲ್ಲಿತ್ತು. ಎದುರು ಸಾಲಿನಲ್ಲಿ ಕಾಗದದ ಸಗಟು ಅಂಗಡಿಗಳು, ಹಿಂದೆ ಹಡಗಿನ ಕಂಪನಿಗಳ ಕಚೇರಿಗಳು. ನಾನು ಸಪ್ಲಾಯರ್. ಬೆಳಿಗ್ಗೆ ಐದರಿಂದ ಊಟದ ಹೊತ್ತು ಮುಗಿಯುವ ತನಕ ಕೂರುವ ಮಾತಿಲ್ಲ. ಎರಡಕ್ಕೆ ಎಲೆ ಎತ್ತಿದ ಮೇಲೆ ಮೂರರ ಟಿಫಿನ್ ಶುರುವಾಗುವವರೆಗೆ ಒಂದು ಗಂಟೆ ಬಿಡುವು. ಬೇರೆಯವರು ಬೆಂಚಿನ ಮೇಲೆ ಮೈ ಚಾಚುತ್ತಿದ್ದರು, ನಾನು ಉಗ್ರಾಣದಲ್ಲಿ ಅಕ್ಕಿಮೂಟೆಗೆ ಒರಗಿಕೊಂಡು ಕಾದಂಬರಿ ಬರೆಯುತ್ತಿದ್ದೆ. ಹಡಗಿನ ಕಚೇರಿಯ ಗುಮಾಸ್ತರು ಕಾಫಿಗೆ ಬಂದಾಗ ತಂದುಕೊಡುತ್ತಿದ್ದ ಹಳೆಯ ಟೈಪ್ ಹಾಳೆಗಳ ಹಿಂಬದಿಯೇ ನನ್ನ ಕಾಗದ. ಜಿರಲೆ ತಿನ್ನದಿರಲಿ ಎಂದು ಖಾಲಿಯಾದ ಇಂಗಿನ ಡಬ್ಬದಲ್ಲಿ ಇಡುತ್ತಿದ್ದೆ. ಜಿರಲೆಯೇನೋ ಬರಲಿಲ್ಲ, ಆದರೆ ಬರೆದ ಒಂದೊಂದು ಹಾಳೆಯೂ ಇಂಗು ನಾರುತ್ತಿತ್ತು.

ಕತೆ ಮಂಜಣ್ಣನದು. ಮಂಜಣ್ಣ ಕುಂದಾಪುರದ ಕಡೆಯವ, ನನಗಿಂತ ಇಪ್ಪತ್ತು ವರ್ಷ ದೊಡ್ಡವ, ನಮ್ಮ ಹೋಟೆಲಿನ ರುಬ್ಬುವ ಕಲ್ಲು ಅವನ ಪಾಲಿಗೆ. ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ಉದ್ದು ಅವನ ಗುಂಡಿನ ಕೆಳಗೆ ಹಾದುಹೋಗುತ್ತಿತ್ತೋ. ಬಲಗೈ ಎಡಗೈಗಿಂತ ದಪ್ಪವಾಗಿತ್ತು, ಉಗುರಿನ ಸಂದಿಯಲ್ಲಿ ಯಾವಾಗಲೂ ಹಿಟ್ಟು. ಓದು ಬರಹ ಬಾರದು. ಅವನಿಗೆ ಬಂದರಿನ ಪಕ್ಕದ ರಾಯಪುರದಲ್ಲಿ ಒಂದು ಮನೆಯಿತ್ತು, ಆ ಮನೆಯಲ್ಲಿ ಕನ್ನಿಯಮ್ಮ ಇದ್ದಳು. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಗಂಡ ಸತ್ತ ಮೇಲೆ ಅವಳು ಗೋದಾಮಿನಲ್ಲಿ ಚೆಲ್ಲಿದ ಧಾನ್ಯ ಗುಡಿಸಿ, ಕೇರಿ ಬೇರೆಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಇಬ್ಬರೂ ಹನ್ನೊಂದು ವರ್ಷದಿಂದ ಗಂಡ ಹೆಂಡಿರಾಗಿ ಬಾಳುತ್ತಿದ್ದರು. ಆ ಕಾಲಕ್ಕೆ ನಮ್ಮ ಹೋಟೆಲುಗಳ ಅಡುಗೆಮನೆಯೊಳಗೆ ಬ್ರಾಹ್ಮಣರಲ್ಲದವರು ಕಾಲಿಡುವಂತಿರಲಿಲ್ಲ. ಬ್ರಾಹ್ಮಣನಾದ ಮಂಜಣ್ಣ ಬೇರೆ ಜಾತಿಯವಳೊಡನೆ ಬಾಳುವ ಸಂಗತಿ ಧಣಿಗಳ ಕಿವಿಗೆ ಬಿದ್ದಿದ್ದರೆ ಅವನನ್ನು ಅದೇ ದಿನ ಹೊರಗೆ ಹಾಕುತ್ತಿದ್ದರು. ಹೋಟೆಲಿನಲ್ಲಿ ಇದು ಗೊತ್ತಿದ್ದದ್ದು ನನಗೊಬ್ಬನಿಗೇ.

ಕತೆ ಬರೆಯುತ್ತೇನೆ ಎಂದಾಗ ಅವನು ಗುಂಡು ನಿಲ್ಲಿಸದೆ ಒಪ್ಪಿದ. "ಹೆಸ್ರು ಬದ್ಲ್ಸು, ಊರು ಬದ್ಲ್ಸು. ಧಣಿ ಎಂತ ಕಾದಂಬರಿ ಓದ್ತ್ರಾ? ಪೇಪರ್ ಓದೂದೇ ಕಷ್ಟ" ಎಂದ. ಆದರೆ ಬರೆದದ್ದನ್ನು ಬರೆದಂತೆಯೇ ಓದಿ ಹೇಳಬೇಕು ಎಂದ. ಮಂಗಳವಾರ ಮಧ್ಯಾಹ್ನದ ಮೇಲೆ ನಮಗೆ ರಜೆ. ಹಾಗಾಗಿ ಆ ವರ್ಷದ ಮಂಗಳವಾರಗಳೆಲ್ಲ ರಾಯಪುರದಲ್ಲಿ ಕಳೆದವು. ಮೀನು ಒಣಗುವ ವಾಸನೆಯ ಓಣಿ, ಒಂದೇ ಕೋಣೆ, ಬಾಗಿಲಲ್ಲಿ ಕೂತರೆ ಸಮುದ್ರದ ಗಾಳಿ. ನಾನು ಕನ್ನಡದಲ್ಲಿ ಓದುವುದು, ಮಂಜಣ್ಣ ಅದನ್ನು ಕನ್ನಿಯಮ್ಮನಿಗೆ ತಮಿಳಿನಲ್ಲಿ ಹೇಳುವುದು. ಅವಳು ಮೊರದಲ್ಲಿ ಏನನ್ನಾದರೂ ಆರಿಸುತ್ತ ಕೇಳುವಳು. ಅವನು ಉಸಿರಿಗೆ ನಿಂತರೆ ಸಾಕು, "ಅಪ್ಪುರಂ?" ಆಮೇಲೆ ಏನಾಯಿತು ಹೇಳು ಎಂದು. ನಾನು ಎಲ್ಲಾದರೂ ಬಣ್ಣ ಕಟ್ಟಿದ್ದರೆ ಹಿಡಿದುಬಿಡುತ್ತಿದ್ದಳು. ಜಗಳದಲ್ಲಿ ಅವಳು ಸೌಟಿನಿಂದ ಹೊಡೆದಳು ಎಂದು ಬರೆದಿದ್ದೆ. ಸೌಟಲ್ಲ, ಮೊರ ಎಂದು ತಿದ್ದಿಸಿದಳು.

ಇಲ್ಲಿ ನನ್ನದೊಂದು ಸಂಗತಿ ಹೇಳದಿದ್ದರೆ ಈ ಬರಹವೇ ಸುಳ್ಳು. ಅವರ ಮನೆಯಲ್ಲಿ ನಾನು ನೀರನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವನಲ್ಲ, ಮೊದಲ ದಿನ ಕಾಫಿ ಲೋಟ ಮುಂದೆ ಬಂದಾಗ "ಹೊಟ್ಟೆ ಸರಿಯಿಲ್ಲ" ಎಂದೆ. ಅವಳಿಗೆ ಅರ್ಥವಾಯಿತು. ಅಂದಿನಿಂದ ನಾನು ಹೋದಾಗಲೆಲ್ಲ ಕನ್ನಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿಸಿಲಿನಲ್ಲಿ ಓಣಿಯ ತುದಿಯ ಅಂಗಡಿಗೆ ಹೋಗಿ ಗೋಲಿ ಸೋಡಾ ತಂದುಕೊಡುತ್ತಿದ್ದಳು. "ಸಾಮಿ, ಸೋಡಾ" ಎಂದು ದೂರದಲ್ಲಿ ಇಡುತ್ತಿದ್ದಳು. ನಾನು ಅದನ್ನು ಕುಡಿದು, ಗಂಟಲು ಸರಿಮಾಡಿಕೊಂಡು, ಜಾತಿಯನ್ನು ಮೀರಿದ ಪ್ರೀತಿಯ ಬಗ್ಗೆ ಓದುತ್ತಿದ್ದೆ.

ಚೈತ್ರದ ಸುಮಾರಿಗೆ ಕಾದಂಬರಿ ಮುಗಿಯಿತು. ಅದರ ಕೊನೆಯ ಅಧ್ಯಾಯದಲ್ಲಿ ದೊಡ್ಡದೇನೂ ನಡೆಯುವುದಿಲ್ಲ. ಸಂಜೆ ಅವನು ಕೆಲಸದಿಂದ ಬರುತ್ತಾನೆ, ಇಬ್ಬರೂ ಸಮುದ್ರದ ದಂಡೆಯಲ್ಲಿ ಕೂರುತ್ತಾರೆ, ಅವಳು ಪೊರಕೆಯ ಕಡ್ಡಿಯಿಂದ ಅವನ ಉಗುರಿನ ಹಿಟ್ಟು ತೆಗೆಯುತ್ತಾಳೆ, ಹೊಸ ಚಾಪೆ ಬೇಕೋ ಬೇಡವೋ ಎಂದು ಸಣ್ಣ ಜಗಳ ಆಗುತ್ತದೆ. ಇಬ್ಬರೂ ಎದ್ದು ಮನೆಗೆ ಹೋದರು ಎಂಬಲ್ಲಿಗೆ ಮುಗಿಯುತ್ತದೆ. ನಾನು ಬರೆಯಲು ತೊಡಗಿದಾಗಿನಿಂದಲೂ ಕನ್ನಿಯಮ್ಮ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಕಡೆಸೀಲ ಎನ್ನ ಆವುದು ಸಾಮಿ?" ಕಡೆಗೆ ಏನಾಗುತ್ತದೆ ಎಂದು. ಆ ದಿನ ಅವಳು ಮೊರ ಕೆಳಗಿಟ್ಟು ಕೇಳಿದಳು. ಮುಗಿದ ಮೇಲೆ, ಯಾರೂ ಸಾಯಲಿಲ್ಲವಲ್ಲ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಆ ಅಧ್ಯಾಯವನ್ನು ಮಂಜಣ್ಣನ ಬಾಯಿಂದ ಅದೆಷ್ಟು ಸಲ ಹೇಳಿಸಿದಳೋ. ಇಬ್ಬರಿಗೂ ಜಗಳವಾದರೆ ರಾಜಿಗೆ ಅದನ್ನೇ ಹೇಳಬೇಕಾಗಿತ್ತಂತೆ.

ಪುಸ್ತಕ ಮಾಡಿಸುವ ದಾರಿ ನನಗೆ ಗೊತ್ತಿರಲಿಲ್ಲ. ಕನ್ನಡ ಸಂಘದ ಲೈಬ್ರರಿ ನೋಡಿಕೊಳ್ಳುತ್ತಿದ್ದವರೊಬ್ಬರು ಹೇಳಿಕೊಟ್ಟರು: ಹಾಳೆಯ ಒಂದೇ ಬದಿಗೆ ಬರೆದಿರಬೇಕು, ಎಡಗಡೆ ಅಂಚು ಬಿಟ್ಟಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ದೊಡ್ಡವರೊಬ್ಬರ ಮುನ್ನುಡಿ ಇರಬೇಕು. ಮುನ್ನುಡಿ ಇಲ್ಲದ ಹೊಸಬನ ಕಟ್ಟನ್ನು ಧಾರವಾಡದವರಾಗಲಿ ಮೈಸೂರಿನವರಾಗಲಿ ಬಿಚ್ಚುವುದೇ ಇಲ್ಲ ಎಂದರು. ಸರಿ, ಎದುರಿನ ಸಗಟು ಅಂಗಡಿಯಿಂದ ಬಿಳಿ ಹಾಳೆ ತಂದು, ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲಿ ಬೆವರು ಹಾಳೆಗೆ ತೊಟ್ಟಿಕ್ಕದಂತೆ ಮೊಣಕೈ ಕೆಳಗೆ ಟವೆಲು ಹಾಸಿಕೊಂಡು ಇಡೀ ಕಾದಂಬರಿಯನ್ನು ಶುದ್ಧಪ್ರತಿ ಮಾಡಿದೆ. ಎರಡು ತಿಂಗಳು ಹಿಡಿಯಿತು, ಅದನ್ನೂ ಅದೇ ಇಂಗಿನ ಡಬ್ಬದಲ್ಲಿ ಇಡುತ್ತಿದ್ದೆ. ಒಂದೊಂದು ಅಧ್ಯಾಯ ಮುಗಿದಂತೆ ಅದರ ಕರಡನ್ನು ಕಾಫಿ ಬಾಯ್ಲರಿನ ಒಲೆಗೆ ಹಾಕುತ್ತ ಬಂದೆ. ಅಂದವಾದ ಪ್ರತಿ ಕೈಯಲ್ಲಿರುವಾಗ ಗೀಚಿದ್ದು ಯಾಕೆ ಎಂಬ ಜಂಬ. ಅಂಥ ಹೆಡ್ಡತನ ಮಾಡಬೇಡ ಎಂದು ಶೈಲಜಾಗೆ ಹೇಳಬೇಕು.

ಮುನ್ನುಡಿಗೆ ಎಲ್ಲರೂ ಬೆರಳು ತೋರಿಸಿದ್ದು ತಿರುವಲ್ಲಿಕ್ಕೇಣಿಯಲ್ಲಿದ್ದ ಒಬ್ಬ ಪಂಡಿತರ ಕಡೆಗೆ. ಅವರ ಹೆಸರು ಇಲ್ಲಿ ಬೇಡ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿ ನೆಲೆಸಿದ ವೈಷ್ಣವ ಮನೆತನ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಹಜಾರದಲ್ಲಿ ದೊಡ್ಡ ತೂಗುಮಣೆ, ಅದರ ಮೇಲೆ ಅವರು. ನಾನು ನೆಲದ ಮೇಲೆ. ಹೋಟೆಲಿನವನು ಎಂದು ತಿಳಿದ ಕೂಡಲೇ ಅವರು ಕೇಳಿದ್ದು ಕಾದಂಬರಿಯ ಬಗ್ಗೆ ಅಲ್ಲ.

"ನಿಮ್ಮಲ್ಲಿ ಬಾದಾಮಿ ಹಲ್ವ ಚೆನ್ನಾಗಿರುತ್ತಂತಲ್ಲಯ್ಯ?"

ಹೌದು ಎಂದೆ.

"ಹೋಟೆಲಿನ ಪದಾರ್ಥ ನಾನು ಮುಟ್ಟೋನಲ್ಲ. ಆದರೆ ತುಪ್ಪದಲ್ಲಿ ಬೆಂದದ್ದಕ್ಕೆ ದೋಷ ಇಲ್ಲ. ಮುಂದಿನ ಸಲ ಬರ್ತಾ ತಗೊಂಡು ಬಾ. ಕಟ್ಟು ಅಲ್ಲೇ ಇಟ್ಟಿರು, ನೋಡೋಣ."

ಕಟ್ಟು ಅಲ್ಲಿ ಇಟ್ಟೆ. ಆಷಾಢ ಹೋಯಿತು, ಶ್ರಾವಣ ಹೋಯಿತು. ಹದಿನೈದು ದಿನಕ್ಕೊಮ್ಮೆ ಮಂಗಳವಾರ ರಾಯಪುರ ತಪ್ಪಿಸಿ ತಿರುವಲ್ಲಿಕ್ಕೇಣಿಗೆ ಹಲ್ವದ ಪೊಟ್ಟಣ ಹಿಡಿದುಕೊಂಡು ಹೋದೆ. ಆ ಹಲ್ವಕ್ಕೆ ಬಾದಾಮಿ ನೆನೆಸಿ, ಸಿಪ್ಪೆ ಸುಲಿದು, ಕಲ್ಲಿನಲ್ಲಿ ನುಣ್ಣಗೆ ಮಾಡುತ್ತಿದ್ದವನು ಮಂಜಣ್ಣ. ಅವನಿಗೆ ಯಾರಿಗೆ ಎಂದು ಗೊತ್ತಿತ್ತು. "ನಮ್ಮ ಪುಸ್ತಕಕ್ಕೆ ಅಲ್ದಾ, ಇನ್ನೊಂಚೂರು ನೈಸ್ ಮಾಡ್ತೆ ಕಾಣ್" ಎಂದು ಮತ್ತೆ ಹತ್ತು ಸುತ್ತು ಗುಂಡು ತಿರುಗಿಸುತ್ತಿದ್ದ. ಪಂಡಿತರು ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುವರು. "ರುಬ್ಬಿರೋದು ನೋಡು, ಬೆಣ್ಣೆ" ಎನ್ನುವರು. ಕಾದಂಬರಿ ಓದಿದಿರಾ ಎಂದು ಕೇಳಲು ನನಗೆ ಧೈರ್ಯವಿಲ್ಲ. ಅವರಾಗಿ ಹೇಳುವವರಲ್ಲ. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡು ಬಂದ ದಾರಿ ಹಿಡಿಯುವುದು.

ನವರಾತ್ರಿಯಲ್ಲಿ, ಅವರ ಹಜಾರದ ತುಂಬ ಬೊಂಬೆ ಕೂರಿಸಿದ್ದಾಗ, ಒಂದು ದಿನ ತಾವಾಗಿಯೇ ಮಾತು ತೆಗೆದರು. "ಕಣ್ಣು ಸಾಲದು ಕಣಯ್ಯ. ಕತೆ ಏನು ಅಂತ ಬಾಯಲ್ಲಿ ಹೇಳು." ನಾನು ಒಂದು ಗಂಟೆ ಹೇಳಿದೆ. ಅವರು ತೂಗುತ್ತ ಕೇಳಿದರು. ಕೊನೆಗೆ ಕಾಲು ನೆಲಕ್ಕೆ ಊರಿ ಮಣೆ ನಿಲ್ಲಿಸಿದರು.

"ಇಬ್ಬರೂ ಎದ್ದು ಮನೆಗೆ ಹೋದರು. ಆಮೇಲೆ?"

"ಅಷ್ಟೇ, ಸ್ವಾಮಿ."

"ಶಿಕ್ಷೆ ಇಲ್ಲ, ಪಶ್ಚಾತ್ತಾಪ ಇಲ್ಲ. ಇದು ಕಾದಂಬರಿ ಅಲ್ಲ, ಓಣಿ ಸುದ್ದಿ. ಆ ಹೆಂಗಸು ಬದುಕಬಾರದು ಕಣಯ್ಯ. ಅವಳು ಸತ್ತರೆ ಇವನಿಗೆ ಕಣ್ಣು ತೆರೆಯುತ್ತೆ. ರಾಮೇಶ್ವರಕ್ಕೆ ಹೋಗಲಿ, ಸಮುದ್ರಸ್ನಾನ ಮಾಡಲಿ, ಹೊಸ ಜನಿವಾರ ಹಾಕ್ಕೊಂಡು ಊರಿಗೆ ವಾಪಸಾಗಲಿ. ಹಾಗೆ ಬರೆದು ತಾ, ನಾನು ಮುನ್ನುಡಿ ಬರೀತೀನಿ."

ಸೊಸೆಯನ್ನು ಕರೆದು ಕಟ್ಟು ತರಿಸಿದರು. ಆಕೆ ಹಿತ್ತಲಿನಿಂದ ತಂದಳು, ಚೀಲಕ್ಕೆ ಮರದ ತೊಗಟೆಯ ಚೂರು ಅಂಟಿತ್ತು. ಪಂಡಿತರು ಕೊನೆಯ ಅಧ್ಯಾಯ ತೆಗೆಯಲು ಹೇಳಿದರು, ತೆಗೆದೆ. "ಇಲ್ಲೇ ಹರಿದುಬಿಡು. ಇಟ್ಟುಕೊಂಡರೆ ಮನಸ್ಸು ಎಳೆಯುತ್ತೆ" ಎಂದರು.

ಹರಿದೆ. ಯಾರೂ ನನ್ನ ಕೈ ಹಿಡಿದು ಹರಿಸಲಿಲ್ಲ. ಬೊಂಬೆಗಳ ಮುಂದೆ ಕೂತು ಇಪ್ಪತ್ತೆರಡು ಹಾಳೆಗಳನ್ನು ನಾನೇ ನಾಲ್ಕು ನಾಲ್ಕು ಚೂರು ಮಾಡಿದೆ. ಅವುಗಳ ಕರಡು ಬಾಯ್ಲರಿನಲ್ಲಿ ಬೂದಿಯಾಗಿ ನಾಲ್ಕು ತಿಂಗಳಾಗಿತ್ತು. ಇವತ್ತು ಅದನ್ನು ನೆನೆದರೆ ಪಂಡಿತರಿಗಿಂತ ನನ್ನ ಆ ಕೈಗಳ ಮೇಲೆ ಹೆಚ್ಚು ಸಿಟ್ಟು ಬರುತ್ತದೆ.

ಬಸ್ಸಿನಲ್ಲಿ ಬರುವಾಗ ಮೈಯೆಲ್ಲ ಉರಿಯುತ್ತಿತ್ತು, ನಿಜ. ಬರೆಯುವುದಿಲ್ಲ ಎಂದೇ ಅಂದುಕೊಂಡೆ. ಮರುದಿನ ಎರಡು ಗಂಟೆಗೆ ಅಕ್ಕಿಮೂಟೆಗೆ ಒರಗಿ ಕೂತವನು ಬರೆಯತೊಡಗಿದೆ. ನಾಲ್ಕೇ ದಿನದಲ್ಲಿ ಮುಗಿಯಿತು. ಅವಳಿಗೆ ವಾಂತಿಭೇದಿ ಬರುತ್ತದೆ, ಅವನ ತೊಡೆಯ ಮೇಲೆ ಪ್ರಾಣ ಬಿಡುತ್ತಾಳೆ, ಸಾಯುವ ಮುಂಚೆ ಅವಳೇ ಅವನಿಗೆ ಊರಿಗೆ ಹೋಗು ಎನ್ನುತ್ತಾಳೆ. ಬರೆಯುತ್ತ ನಾನು ಅತ್ತೆ. ಕಣ್ಣೀರು ಬಂತಲ್ಲ, ಇದೇ ಒಳ್ಳೆಯ ಬರವಣಿಗೆ ಎಂದು ನಂಬಿದೆ. ಹೊರಗೆ ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿದಿತ್ತು, ಪ್ಯಾರೀಸ್ ಕಾರ್ನರಿನ ರಸ್ತೆಯಲ್ಲಿ ಮೊಣಕಾಲ ಮಟ್ಟ ನೀರು, ಗಿರಾಕಿಗಳಿಲ್ಲ. ಗೋಡೆಯಾಚೆ ಮಂಜಣ್ಣನ ಕಲ್ಲು ಗುರುಗುಟ್ಟುತ್ತಿತ್ತು. ಅವನ ಹೆಂಡತಿಯನ್ನು ನಾನು ಈಚೆ ಕೂತು ಸಾಯಿಸುತ್ತಿದ್ದೆ. ಅವನಿಗೆ ಒಂದು ಮಾತು ಹೇಳಲಿಲ್ಲ.

ಹೊಸ ಅಧ್ಯಾಯವನ್ನು ಪಂಡಿತರ ಮನೆಯಲ್ಲೇ ಇದ್ದ ಕಟ್ಟಿಗೆ ಸೇರಿಸಿ ಬಂದೆ. ಡಿಸೆಂಬರಿನ ಚಳಿಗೆ, ಮಾರ್ಗಳಿಯಲ್ಲಿ, ಮುನ್ನುಡಿ ಸಿಕ್ಕಿತು. ಮೂರು ಹಾಳೆ, ದುಂಡಗಿನ ಅಕ್ಷರ, ಕೆಳಗೆ ಪಂಡಿತರ ಸಹಿ. ಪಾಪವೂ ಪ್ರಾಯಶ್ಚಿತ್ತವೂ ಒಂದೇ ನಾಣ್ಯದ ಎರಡು ಮುಖ ಎಂದೆಲ್ಲ ಇತ್ತು. ಎರಡು ಹಾಳೆ ತಮ್ಮ ಗುರುಗಳ ಬಗ್ಗೆ, ಅರ್ಧ ಹಾಳೆ ತಮ್ಮ ಬಗ್ಗೆ. ಉಳಿದ ಅರ್ಧದಲ್ಲಿ ನಾನು, ಅದರಲ್ಲೂ ನನ್ನ ನಾಯಕನನ್ನು ಅಡುಗೆ ಭಟ್ಟ ಎಂದು ಕರೆದಿದ್ದರು. ಅವನು ಅಡುಗೆಯವನಲ್ಲ, ರುಬ್ಬುವವನು ಎಂದು ಮೊದಲ ಪುಟದ ಮೊದಲ ಸಾಲಿನಲ್ಲೇ ಇದೆ. ಸೊಸೆ ನನ್ನನ್ನು ಬಾಗಿಲ ತನಕ ಕಳಿಸಲು ಬಂದಳು, ಚೀಲ ಕೈಗಿತ್ತು ಮೆಲ್ಲಗೆ ಹೇಳಿದಳು:

"ತಪ್ಪು ತಿಳೀಬೇಡಿ. ಮಾಮನಾರ್ ಇದನ್ನ ಒಂದು ದಿನಾನೂ ಉಳ್ಳೆ ಇಡಕ್ಕೆ ಬಿಡ್ಲಿಲ್ಲ. ಪೆರುಂಗಾಯ ವಾಸನೆ, ತಲೆನೋವು ಅಂದ್ರು. ಹಿತ್ತಲಲ್ಲಿ ಸೌದೆ ಮೇಲೇ ಇತ್ತು."

ಮಾವನವರಿಗೆ ಇಂಗಿನ ವಾಸನೆ ಆಗದೆಂದು ಆರು ತಿಂಗಳು ನನ್ನ ಕಾದಂಬರಿ ಸೌದೆಯ ಮೇಲೆ ಮಲಗಿತ್ತು. ಹಲ್ವ ಮಾತ್ರ ಒಳಗೆ ಹೋಗುತ್ತಿತ್ತು. ಇಷ್ಟಾದರೂ ಆ ದಿನ ನನಗೆ ಸಿಟ್ಟು ಬರಲಿಲ್ಲ ಎಂದರೆ ನಂಬುತ್ತೀರಾ? ಓದದಿದ್ದರೇನು, ಸಹಿ ಇದೆಯಲ್ಲ ಎಂದುಕೊಂಡೆ. ಕುಣಿಯುವುದೊಂದು ಬಾಕಿ, ನೇರ ರಾಯಪುರಕ್ಕೆ ಹೋದೆ.

ಮಂಜಣ್ಣ ಆಗಲೇ ಮನೆ ಸೇರಿದ್ದ. ಕನ್ನಿಯಮ್ಮ ನನ್ನನ್ನು ಕಂಡವಳೇ ಸೋಡಾ ತಂದಳು. ಮುನ್ನುಡಿಯನ್ನು ನಾನು ಗಂಟಲೆತ್ತಿ ಓದಿದೆ. ಮಂಜಣ್ಣ ಸ್ವಲ್ಪ ಹೊತ್ತು ಕೇಳಿ, ದೊಡ್ಡವರು ಯಾರೋ ನಮ್ಮನ್ನು ಹೊಗಳಿದ್ದಾರೆ ಎಂದು ಒಂದೇ ಮಾತಿನಲ್ಲಿ ತಮಿಳು ಮಾಡಿ ಮುಗಿಸಿದ. "ಅಪ್ಪುರಂ?" ಎಂದಳು ಅವಳು. ಕೊನೆಯನ್ನು ಸ್ವಲ್ಪ ಬದಲಿಸಿದ್ದೇನೆ, ತುಂಬ ಚೆನ್ನಾಗಿ ಬಂದಿದೆ ಎಂದು ಹೇಳಿ ಓದತೊಡಗಿದೆ.

ಮೊದಲ ಪುಟ ಅವನು ತಮಿಳಿಗೆ ತಂದ. ಎರಡನೆಯ ಪುಟದಲ್ಲಿ ಅವಳಿಗೆ ವಾಂತಿಭೇದಿ ಶುರುವಾಗುತ್ತದೆ. ಮಂಜಣ್ಣ ತಮಿಳು ಮಾಡುವುದನ್ನು ನಿಲ್ಲಿಸಿದ. ನಾನು ನಿಲ್ಲಿಸಲಿಲ್ಲ. ನನಗೆ ನನ್ನದೇ ಸಾಲುಗಳ ಮೋಹ. ಅವಳು ಸತ್ತಳು, ಅವನು ರಾಮೇಶ್ವರದಲ್ಲಿ ಮುಳುಗಿ ಎದ್ದ, ಮಂಗಳೂರಿನ ರೈಲು ಹತ್ತಿದ. ಕಣ್ಣೊರೆಸಿಕೊಂಡು ತಲೆ ಎತ್ತಿದರೆ ಮಂಜಣ್ಣ ನನ್ನನ್ನೇ ನೋಡುತ್ತಿದ್ದ. ಕನ್ನಿಯಮ್ಮ ಮೊರ ಬದಿಗಿಟ್ಟು ಅವನ ಮುಖ ನೋಡುತ್ತಿದ್ದಳು.

"ಅಪ್ಪುರಂ? ಕಡೆಸೀಲ ಎನ್ನ ಆವುದು?"

ಮಂಜಣ್ಣ ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡ. ಓದಲು ಬಾರದವನು ಅವನ್ನು ಓದುವವನಂತೆ ಮುಂದೆ ಹಿಡಿದು, ತಮಿಳಿನಲ್ಲಿ ನಿಧಾನವಾಗಿ ಹೇಳತೊಡಗಿದ. ಸಂಜೆಯಾಗಿತ್ತು. ಅವನು ಕೆಲಸ ಮುಗಿಸಿ ಬಂದ. ಇಬ್ಬರೂ ದಂಡೆಯಲ್ಲಿ ಕೂತರು. ಅವಳು ಪೊರಕೆಯ ಕಡ್ಡಿ ಮುರಿದುಕೊಂಡು ಅವನ ಉಗುರಿನ ಹಿಟ್ಟು ತೆಗೆದಳು. ಚಾಪೆಯ ಜಗಳವೂ ಬಂತು. ನಾನು ಹರಿದುಹಾಕಿದ ಅಧ್ಯಾಯವನ್ನು ಒಂದು ಮಾತೂ ಬಿಡದೆ ಹೇಳಿದ. ಇಬ್ಬರೂ ಎದ್ದು ಮನೆಗೆ ಹೋದರು ಎಂದು ಮುಗಿಸಿ, ಹಾಳೆಗಳನ್ನು ಜೋಡಿಸಿ ನನಗೆ ವಾಪಸು ಕೊಟ್ಟ. ಕನ್ನಿಯಮ್ಮ ನಕ್ಕಳು. ಇದರಲ್ಲಿ ಬದಲಿಸಿದ್ದು ಏನು, ಎಲ್ಲ ಮೊದಲಿನಂತೆಯೇ ಇದೆಯಲ್ಲ ಸಾಮಿ ಎಂದು ತಮಿಳಿನಲ್ಲಿ ನನ್ನನ್ನು ಕೇಳಿದಳು.

ನಾನು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಮಂಜಣ್ಣ ನನ್ನನ್ನು ಓಣಿಯ ತುದಿಯ ತನಕ ಕಳಿಸಲು ಬಂದ.

"ಎಂತಕ್ಕೆ ಕೊಂದೆ ಮಾರಾಯ ಅವಳ್ನ?" ಎಂದ.

ಪಂಡಿತರು ಹೇಳಿದರು ಎಂದೆ.

"ಅವ್ರು ಅವಳ್ನ ಕಂಡಿದ್ರಾ? ನೀ ಕಂಡಿದ್ದೆ ಅಲ್ದಾ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದ, "ಅವಳ ಎದ್ರು ಕೂತ್ಕಂಡು ನೀ ಸತ್ತೆ ಅಂದೇಳಿ ಹ್ಯಾಂಗೆ ಹೇಳೂದು? ನಂಗೆ ಆತಿಲ್ಲೆ."

ಸಿಟ್ಟು ಬಂದದ್ದು ಆಗ. ಆ ಸಿಟ್ಟಿನಲ್ಲೇ ಮುಂದಿನ ವಾರ ತಿರುವಲ್ಲಿಕ್ಕೇಣಿಗೆ ಹೋದೆ. ಹೇಳಬೇಕಾದ ಮಾತನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದೆ. ನೀವು ಇಷ್ಟು ತಿಂಗಳು ಚಪ್ಪರಿಸಿದ ಹಲ್ವ ಆ ಮನುಷ್ಯನ ಕೈಯಿಂದ ಬಂದದ್ದು, ರಾಯಪುರದಲ್ಲಿ ಅವಳ ಪಕ್ಕದಿಂದ ಎದ್ದು ಬಂದು ಅವನು ರುಬ್ಬಿದ್ದು, ಈಗ ನಿಮ್ಮ ಬಾಯಿಗೆ ಯಾವ ಸಮುದ್ರಸ್ನಾನ ಮಾಡಿಸುತ್ತೀರಿ ಎಂದು ಕೇಳಬೇಕಿತ್ತು. ಅಭ್ಯಾಸಬಲದಿಂದ ಪೊಟ್ಟಣವನ್ನೂ ಹಿಡಿದುಕೊಂಡು ಹೋಗಿದ್ದೆ. ಮುನ್ನುಡಿಯ ಮೂರು ಹಾಳೆಗಳನ್ನು ತೂಗುಮಣೆಯ ಮೇಲಿಟ್ಟು, "ಇದು ಬೇಡ ಸ್ವಾಮಿ. ಹೆಂಗಸು ಸಾಯುವುದಿಲ್ಲ" ಎಂದೆ.

ಪಂಡಿತರು ಪೊಟ್ಟಣ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ. "ಮುನ್ನುಡಿ ಇಲ್ಲದೆ ನಿನ್ನನ್ನ ಯಾರಯ್ಯ ಕೇಳ್ತಾರೆ?" ಎಂದು ಒಂದು ತುಂಡು ಬಾಯಿಗಿಟ್ಟು, ಎಂದಿನಂತೆ ಕಣ್ಣು ಮುಚ್ಚಿದರು. "ಬೆಣ್ಣೆ" ಎಂದರು.

ನಾನು ಬಾಯಿ ತೆರೆದೆ. ತೆರೆದ ಬಾಯಿ ಹಾಗೆಯೇ ಮುಚ್ಚಿದೆ. ಅವರಿಗೂ ನಮ್ಮ ಧಣಿಗಳಿಗೂ ಪರಿಚಯವಿತ್ತು. ನಾನು ಆಡುವ ಒಂದು ಮಾತು ಸಂಜೆಯೊಳಗೆ ಪ್ಯಾರೀಸ್ ಕಾರ್ನರ್ ಮುಟ್ಟುತ್ತಿತ್ತು, ಮಂಜಣ್ಣ ಮರುದಿನ ಬೀದಿಯಲ್ಲಿರುತ್ತಿದ್ದ. ನನ್ನ ಸಿಟ್ಟು ತೀರಿಸಿಕೊಳ್ಳಲು ಅವನ ಅನ್ನ ಕಳೆಯುವಂತಿರಲಿಲ್ಲ. ಅವರು ಎರಡನೆಯ ತುಂಡು ಎತ್ತಿಕೊಳ್ಳುವುದನ್ನು ನೋಡಿಕೊಂಡು ಮೆಟ್ಟಿಲಿಳಿದೆ. ಪಂಡಿತರು ಹೇಳಿದ್ದು ಸುಳ್ಳಾಗಲಿಲ್ಲ. ಆರು ವರ್ಷ ನನ್ನನ್ನು ಯಾರೂ ಕೇಳಲಿಲ್ಲ. ಮೂರು ಊರಿಗೆ ಕಳಿಸಿದ ಕಟ್ಟು ಮೂರು ಸಲವೂ ವಾಪಸು ಬಂತು. ಕೊನೆಗೆ ಹುಬ್ಬಳ್ಳಿಯ ಒಬ್ಬ ಸಣ್ಣ ಮುದ್ರಕರು, ಮುನ್ನುಡಿ ಯಾಕಿಲ್ಲ ಎಂದು ಕೇಳದೆ ಅಚ್ಚು ಹಾಕಿದರು. ಪಂಡಿತರು ಅಷ್ಟರಲ್ಲಿ ತೀರಿಕೊಂಡಿದ್ದರು, ನನ್ನ ಮಾತು ನನ್ನಲ್ಲೇ ಉಳಿಯಿತು.

ಆದರೆ ಅಚ್ಚಿಗೆ ಕಳಿಸಲು ಕೊನೆಯ ಅಧ್ಯಾಯ ಬೇಕಿತ್ತಲ್ಲ. ಸಾಲು ಸಾಲಾಗಿ ಅದು ಉಳಿದಿದ್ದದ್ದು ಮಂಜಣ್ಣನ ಬಾಯಲ್ಲಿ, ಅದೂ ತಮಿಳಿನಲ್ಲಿ. ನಾನೇ ಮತ್ತೆ ಬರೆಯಲು ಕೂತರೆ ಪೆನ್ನು ಹಿಡಿದ ಕೈ ಮತ್ತೆ ಕಣ್ಣೀರು ತರಿಸುವ ಸಾಲುಗಳ ಕಡೆಗೇ ಹೋಗುತ್ತಿತ್ತು. ಆ ಮಾರ್ಗಳಿ ಕಳೆದು, ಕಟ್ಟನ್ನು ಇನ್ನೂ ಎಲ್ಲಿಗೂ ಕಳಿಸುವ ಮುಂಚೆ, ಪೊಂಗಲ್ ಮುಗಿದ ವಾರ ಒಂದು ಮಧ್ಯಾಹ್ನ ಉಗ್ರಾಣ ಬಿಟ್ಟು ಅವನ ಕಲ್ಲಿನ ಪಕ್ಕಕ್ಕೆ ಹೋಗಿ ಕೂತೆ, ಹೇಳು ಬರೆದುಕೊಳ್ಳುತ್ತೇನೆ ಎಂದೆ. ಅವನು ಉದ್ದು ರುಬ್ಬುತ್ತ ತಮಿಳಿನಲ್ಲಿ ಹೇಳಿದ, ನಾನು ಕನ್ನಡಕ್ಕೆ ತಂದೆ. ಗುಂಡಿನ ಸದ್ದಿಗೆ ಕೆಲವು ಮಾತು ಕೇಳಿಸದೆ ಎರಡೆರಡು ಸಲ ಹೇಳಿಸಿದೆ. ನನ್ನ ಹಳೆಯ ಹಾಳೆಗಳಲ್ಲಿ ಇದ್ದದ್ದಕ್ಕಿಂತ ಇದು ಚಿಕ್ಕದಾಗಿತ್ತು, ಚೆನ್ನಾಗಿಯೂ ಇತ್ತು. ಇಬ್ಬರೂ ಎದ್ದು ಮನೆಗೆ ಹೋದರು ಎಂಬಲ್ಲಿಗೆ ಬಂದು ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಮುಗೀಲಿಲ್ಲೆ" ಎಂದ ಮಂಜಣ್ಣ. ಗುಂಡು ನಿಲ್ಲಿಸಿ, ಕಲ್ಲಿನ ಅಂಚಿನ ಹಿಟ್ಟನ್ನು ಕೈಯಿಂದ ಬಳಿದು ಒಳಗೆ ಹಾಕಿದ. "ಇನ್ನೊಂದ್ ಉಂಟು, ಬರಿ. ಅವ್ರು ಮನೆಗೆ ಹೋಪತ್ತಿಗೆ ಬಾಗ್ಲಲ್ಲಿ ಒಬ್ಬ ಕೂತ್ಕಂಡಿದ್ದ. ಅವ್ರ ಕತೆ ಬರಿತಿದ್ದವ. ಅವಳು ಒಳಗೆ ಹೋಯಿ ಕಾಫಿ ಮಾಡಿ ಕೊಟ್ಲು. ಅವ ಕುಡ್ದ."

"ಅಂಥವನು ಕಾದಂಬರಿಯಲ್ಲೇ ಇಲ್ಲ ಮಂಜಣ್ಣ."

"ಅದೇ ನಾ ಹೇಳೂದು. ಎಲ್ಲರ್ನ ಬರ್ದೆ, ನಿನ್ನೊಬ್ಬನ್ನೇ ಬಿಟ್ಟೆ." ಮತ್ತೆ ಗುಂಡಿಗೆ ಕೈಹಾಕಿದ. "ಬರಿ ಕಾಂಬ."

ನನಗೆ ಸಿಟ್ಟು ಬಂತು. ಅವಮಾನವಾಯಿತು. ಎದ್ದು ಹೋಗಬೇಕೆನಿಸಿತು. ಮೂರರ ಟಿಫಿನ್ನಿಗೆ ಕರೆ ಬರಲು ಇನ್ನೂ ಹತ್ತು ನಿಮಿಷವಿತ್ತು. ಮುಚ್ಚಳ ತೆಗೆದು, ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಪುಸ್ತಕದಲ್ಲಿ ಈಗಲೂ ಹಾಗೆಯೇ ಇದೆ.

ಮುಂದಿನ ಮಂಗಳವಾರ ರಾಯಪುರಕ್ಕೆ ಹೋದಾಗ ಕನ್ನಿಯಮ್ಮ ಎಂದಿನಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೋಡಾ ತರಲು ಹೊರಟಳು. ಮಂಜಣ್ಣ ನನ್ನ ಕಡೆ ನೋಡಲಿಲ್ಲ. ಬರೆದಾಗಿತ್ತು, ಇನ್ನು ಅವಳ ಕಾಫಿ ಕುಡಿಯದೆ ಗತಿಯಿರಲಿಲ್ಲ. ಸೋಡಾ ಬೇಡಮ್ಮ ಎಂದೆ.